‘ಬಹುದು’ ಎಂಬ ಪದಕ್ಕೆ ಎಷ್ಟು ಜೀವ ತೆರಬೇಕು?

ಸರಕಾರಿ ಕಾಗದ ಓದಿ ಅಭ್ಯಾಸವಿರುವ ಯಾರಿಗೇ ಆದರೂ ಎರಡು ಪದಗಳ ವ್ಯತ್ಯಾಸ ಚೆನ್ನಾಗಿ ಗೊತ್ತಿರುತ್ತದೆ. ಒಂದು ‘ಮಾಡಬಹುದು’, ಇನ್ನೊಂದು ‘ಮಾಡತಕ್ಕದ್ದು’. ನಮ್ಮ ಶಾಲೆಗಳಿಗೆ ಬರುವ ಸುತ್ತೋಲೆ ಮಲಯಾಳದಲ್ಲಿರಲಿ, ಕನ್ನಡದಲ್ಲಿರಲಿ, ಮೇಷ್ಟ್ರುಗಳಾದ ನಾವು ಮೊದಲು ಹುಡುಕುವುದು ವಾಕ್ಯದ ಕೊನೆಯ ಈ ಪದವನ್ನೇ. ‘ಬಹುದು’ ಎಂದಿದ್ದರೆ ಕಾಗದ ನೆಟ್ಟಗೆ ಫೈಲಿಗೆ ಹೋಗುತ್ತದೆ. ‘ತಕ್ಕದ್ದು’ ಎಂದಿದ್ದು, ಕೆಳಗೊಂದು ತಾರೀಕೂ ಇದ್ದರೆ ಮಾತ್ರ ಕೆಲಸ ಆಗುತ್ತದೆ. ಇದು ನಮ್ಮ ಇಲಾಖೆಯ ರೋಗ ಮಾತ್ರ ಅಂದುಕೊಳ್ಳಬೇಡಿ. ಜಗತ್ತಿನ ದೊಡ್ಡ ದೊಡ್ಡ ವ್ಯವಸ್ಥೆಗಳೆಲ್ಲ ನಡೆಯುವುದು ಹೀಗೇ.

ವಿಮಾನಗಳ ಲೋಕದಲ್ಲೂ ಈ ಎರಡು ಪದಗಳಿವೆ. ತಯಾರಿಸಿದ ಕಂಪೆನಿ ‘ಈ ಭಾಗವನ್ನು ಹೀಗೆ ಸರಿಪಡಿಸಿಕೊಳ್ಳಿ’ ಎಂದು ಕಳುಹಿಸುವ ಕಾಗದಕ್ಕೆ ಸರ್ವಿಸ್ ಬುಲೆಟಿನ್ ಎಂದು ಹೆಸರು. ಅದು ಸಲಹೆ. ಸರಕಾರದ ವಿಮಾನಯಾನ ಇಲಾಖೆ ‘ಇದನ್ನು ಇಷ್ಟು ದಿನದೊಳಗೆ ಮಾಡದಿದ್ದರೆ ಈ ವಿಮಾನ ಹಾರಕೂಡದು’ ಎಂದು ಹೊರಡಿಸುವುದಕ್ಕೆ ಏರ್‌ವರ್ದಿನೆಸ್ ಡೈರೆಕ್ಟಿವ್ ಎಂದು ಹೆಸರು. ಅದು ಕಾನೂನು. ಮೊದಲನೆಯದು ‘ಬಹುದು’, ಎರಡನೆಯದು ‘ತಕ್ಕದ್ದು’.

ನಮ್ಮ ವಾದ ಇಷ್ಟೇ. ವಿಮಾನದೊಳಗಿನ ಗಾಳಿಯ ವ್ಯವಸ್ಥೆಯಲ್ಲಿ ದೋಷ ಇದೆ ಎಂದು ಒಮ್ಮೆ ಗೊತ್ತಾದ ಮೇಲೆ ಅಲ್ಲಿ ‘ಬಹುದು’ ಸಲ್ಲದು. ಮೊದಲ ಎಚ್ಚರಿಕೆ ಸಿಕ್ಕಿದ ಕೂಡಲೇ ತಾರೀಕು ಸಮೇತ ‘ತಕ್ಕದ್ದು’ ಬರಬೇಕು. ಜನ ಸತ್ತ ಮೇಲೆ ಬರುವ ಆದೇಶವನ್ನು ಆದೇಶ ಎನ್ನಲು ನಮಗೆ ಮನಸ್ಸು ಬರುವುದಿಲ್ಲ, ಅದು ಶ್ರದ್ಧಾಂಜಲಿ.

‘ಕಾಸರಗೋಡಿನ ಕನ್ನಡ ಮೇಷ್ಟ್ರಿಗೆ ವಿಮಾನದ ಉಸಾಬರಿ ಯಾಕೆ ಮಾರಾಯರೇ?’ ಎಂದು ಕೇಳುವವರಿರಬಹುದು. ನಮ್ಮ ಊರುಗಳಲ್ಲಿ ಗಲ್ಫ್‌ನಲ್ಲಿ ಒಬ್ಬರಾದರೂ ಇಲ್ಲದ ಮನೆಗಳನ್ನು ಹುಡುಕಬೇಕು. ಬಜ್ಪೆಯಿಂದ, ಕಣ್ಣೂರಿನಿಂದ ಅವರನ್ನು ಕೊಂಡೊಯ್ಯುವ ವಿಮಾನಗಳಲ್ಲಿ ಬೋಯಿಂಗ್ 737 ಹಲವು. 2010ರ ಮೇ 22ರಂದು ಬಜ್ಪೆಯಲ್ಲಿ 158 ಜನ ಸತ್ತಾಗ ಅವರಲ್ಲಿ ನಮ್ಮ ಜಿಲ್ಲೆಯವರು ಎಷ್ಟೋ ಮಂದಿ. ಆ ದುರಂತಕ್ಕೆ ಗಾಳಿಯ ವ್ಯವಸ್ಥೆ ಕಾರಣವಲ್ಲ, ನಿಜ. ಆದರೆ ವಿಮಾನ ಸುರಕ್ಷೆ ಎಂಬುದು ಬೇರೆ ಯಾರದೋ ವಿಷಯ ಎಂದು ಹೇಳುವ ಹಕ್ಕು ಅಂದಿನಿಂದ ನಮಗೆ ಉಳಿದಿಲ್ಲ.

ಮೊದಲು ಗಾಳಿಯ ಲೆಕ್ಕ ನೋಡೋಣ. 35,000 ಅಡಿ ಎತ್ತರದಲ್ಲಿ, ಅಂದರೆ ಎವರೆಸ್ಟಿಗಿಂತಲೂ ಮೇಲೆ, ಹೊರಗಿನ ಗಾಳಿಯ ಒತ್ತಡ ಸಮುದ್ರಮಟ್ಟದ ನಾಲ್ಕನೇ ಒಂದು ಪಾಲಿನಷ್ಟು. ಅಲ್ಲಿ ಮನುಷ್ಯ ಉಸಿರಾಡಿ ಬದುಕಲಾರ. ಆದ್ದರಿಂದ ಹೆಚ್ಚಿನ ವಿಮಾನಗಳಲ್ಲಿ ಇಂಜಿನ್ ಒತ್ತಿ ಬಿಸಿಮಾಡಿದ ಗಾಳಿಯಲ್ಲಿ ಒಂದಿಷ್ಟನ್ನು ತೆಗೆದು, ತಂಪು ಮಾಡಿ ಒಳಗೆ ಬಿಡುತ್ತಾರೆ. ಹಿಂಭಾಗದ ಒಂದು ವಾಲ್ವ್ ಎಷ್ಟು ಬೇಕೋ ಅಷ್ಟೇ ಹೊರಬಿಟ್ಟು ಒತ್ತಡ ಕಾಯುತ್ತದೆ. ಹೀಗೆ ಒಳಗೆ ಕೂತವರಿಗೆ ಹೆಚ್ಚೆಂದರೆ 8,000 ಅಡಿಯ ಗುಡ್ಡದ ಮೇಲಿದ್ದಂತೆ ಇರುತ್ತದೆ, ಹತ್ತಿರಹತ್ತಿರ ಊಟಿಯ ದೊಡ್ಡಬೆಟ್ಟದ ಗಾಳಿ. ಒಳಗಿನ ಒತ್ತಡ 10,000 ಅಡಿಯ ಮಟ್ಟಕ್ಕೆ ಇಳಿದರೆ ಕಾಕ್‌ಪಿಟ್‌ನಲ್ಲಿ ಹಾರ್ನ್ ಬಡಿಯಬೇಕು. ಸುಮಾರು 14,000 ಅಡಿಯ ಮಟ್ಟಕ್ಕೆ ಇಳಿದರೆ ಪ್ರಯಾಣಿಕರ ತಲೆಯ ಮೇಲಿಂದ ಆಕ್ಸಿಜನ್ ಮುಖವಾಡ ಬೀಳಬೇಕು. ಅದರಲ್ಲಿ ಸಿಗುವುದು ಕೆಲವೇ ನಿಮಿಷಗಳ ಆಕ್ಸಿಜನ್. ಅಷ್ಟರಲ್ಲಿ ಪೈಲಟ್ ವಿಮಾನವನ್ನು ಕೆಳಗಿಳಿಸಬೇಕು.

ಇಲ್ಲೊಂದು ಕ್ರೂರ ಸಂಗತಿ ಇದೆ. ಇಂಜಿನ್ ಕೆಟ್ಟರೆ ಸದ್ದು ಬರುತ್ತದೆ, ಬೆಂಕಿ ಹತ್ತಿದರೆ ಹೊಗೆ ಬರುತ್ತದೆ. ಆಕ್ಸಿಜನ್ ನಿಧಾನವಾಗಿ ಕಡಿಮೆಯಾದರೆ ಏನೂ ಗೊತ್ತಾಗುವುದಿಲ್ಲ. ಮೊದಲು ಹೋಗುವುದು ವಿವೇಕ. ಮನುಷ್ಯನಿಗೆ ಹಗುರ ಎನಿಸುತ್ತದೆ, ಕೆಲವರಿಗೆ ಖುಷಿಯೂ ಆಗುತ್ತದಂತೆ. ಒಂದು ಮತ್ತೊಂದನ್ನು ಕೂಡಿಸಲಾರದ ಸ್ಥಿತಿಯಲ್ಲಿ ‘ಎಲ್ಲ ಸರಿ ಇದೆ’ ಎಂದು ನಂಬಿ ಕೂತಿರುತ್ತಾನೆ. ಅಂದರೆ ದೋಷವನ್ನು ಪತ್ತೆ ಹಚ್ಚಬೇಕಾದವನ ಬುದ್ಧಿಯನ್ನೇ ಈ ದೋಷ ಮೊದಲು ಕದಿಯುತ್ತದೆ. ಇಂಥ ಕಡೆ ‘ಪೈಲಟ್ ನೋಡಿಕೊಳ್ಳುತ್ತಾನೆ’ ಎಂಬ ಭರವಸೆಗೆ ಅರ್ಥವೇ ಇಲ್ಲ.

ಈಗ ಇತಿಹಾಸಕ್ಕೆ ಬರೋಣ.

1972ರ ಜೂನ್ 12. ಅಮೆರಿಕನ್ ಏರ್‌ಲೈನ್ಸ್‌ನ ಒಂದು ಡಿಸಿ-10 ವಿಮಾನ ಕೆನಡಾದ ವಿಂಡ್ಸರ್ ಮೇಲೆ ಹಾರುತ್ತಿದ್ದಾಗ ಹಿಂಭಾಗದ ಸಾಮಾನು ಕೋಣೆಯ ಬಾಗಿಲು ಕಿತ್ತುಹೋಯಿತು. ಕೆಳಗಿನ ಕೋಣೆಯ ಗಾಳಿ ಒಮ್ಮೆಲೇ ಹೊರಗೆ ನುಗ್ಗಿತು. ಮೇಲೆ ಪ್ರಯಾಣಿಕರ ಕಡೆ ಗಾಳಿ ತುಂಬಿತ್ತು, ಅದಕ್ಕೆ ಕೆಳಗೆ ಹೋಗಲು ಸಾಕಷ್ಟು ದಾರಿ ಇರಲಿಲ್ಲ. ನಡುವಿನ ನೆಲ ಕುಸಿಯಿತು. ಆ ನೆಲದಡಿಯಲ್ಲೇ ವಿಮಾನವನ್ನು ನಿಯಂತ್ರಿಸುವ ಕೇಬಲ್‌ಗಳು ಹೋಗುತ್ತಿದ್ದವು. ಪೈಲಟ್‌ಗಳ ಚಾಕಚಕ್ಯತೆಯಿಂದ ವಿಮಾನ ಡೆಟ್ರಾಯಿಟ್‌ನಲ್ಲಿ ಇಳಿಯಿತು, ಒಬ್ಬರೂ ಸಾಯಲಿಲ್ಲ. ಇದಕ್ಕಿಂತ ಒಳ್ಳೆಯ ಎಚ್ಚರಿಕೆ ದೇವರೂ ಕೊಡಲಾರ!

ಅಮೆರಿಕದ ತನಿಖಾ ಮಂಡಳಿ ಎರಡು ಮಾತು ಹೇಳಿತು. ಬಾಗಿಲಿನ ಚಿಲಕ ಸರಿಪಡಿಸಿ, ನೆಲದಲ್ಲಿ ಗಾಳಿ ಹಾಯಲು ಕಿಂಡಿ ಬಿಡಿ. ಆದರೆ ಅಲ್ಲಿನ ವಿಮಾನಯಾನ ಇಲಾಖೆಯಾದ ಎಫ್‌ಎಎಯ ಮುಖ್ಯಸ್ಥರೂ ಡಗ್ಲಸ್ ಕಂಪೆನಿಯ ಅಧ್ಯಕ್ಷರೂ ಫೋನಿನಲ್ಲಿ ಮಾತಾಡಿಕೊಂಡರು. ಕಡ್ಡಾಯ ಆದೇಶ ಬೇಡ, ಕಂಪೆನಿಯೇ ಸರ್ವಿಸ್ ಬುಲೆಟಿನ್ ಕಳುಹಿಸಿ ಸರಿಮಾಡಿಸಲಿ ಎಂದು ತೀರ್ಮಾನವಾಯಿತು. ‘ಸಭ್ಯರ ಒಪ್ಪಂದ’ ಎಂದು ಅದಕ್ಕೆ ಹೆಸರು ಬಿತ್ತು. ಸಭ್ಯರು! ಅದೇ ಜೂನ್ 27ರಂದು, ಆ ವಿಮಾನದ ಭಾಗಗಳನ್ನು ತಯಾರಿಸುತ್ತಿದ್ದ ಕಾನ್‌ವೇರ್ ಕಂಪೆನಿಯ ಇಂಜಿನಿಯರ್ ಡ್ಯಾನ್ ಆಪಲ್‌ಗೇಟ್ ತನ್ನ ಮೇಲಿನವರಿಗೆ ಒಂದು ಟಿಪ್ಪಣಿ ಬರೆದರು. ಈ ಬಾಗಿಲು ಮತ್ತೆ ಕಿತ್ತುಹೋಗುತ್ತದೆ, ಆಗ ವಿಮಾನವೇ ಹೋಗುತ್ತದೆ ಎಂಬುದು ಅದರ ಸಾರ. ಸರಿಪಡಿಸುವ ಖರ್ಚು ಯಾರ ತಲೆಗೆ ಬರುತ್ತದೆ ಎಂಬ ಚಿಂತೆಯಲ್ಲಿ ಟಿಪ್ಪಣಿ ಮುಂದಕ್ಕೆ ಹೋಗಲೇ ಇಲ್ಲ.

1974ರ ಮಾರ್ಚ್ 3. ಟರ್ಕಿಶ್ ಏರ್‌ಲೈನ್ಸ್‌ನ ಡಿಸಿ-10 ಪ್ಯಾರಿಸ್‌ನ ಓರ್ಲಿಯಿಂದ ಲಂಡನ್ನಿಗೆ ಹೊರಟಿತು. ಅದೇ ಬಾಗಿಲು, ಅದೇ ನೆಲ, ಅದೇ ಕೇಬಲ್. ಎರ್ಮೆನೋನ್‌ವಿಲ್ ಕಾಡಿನಲ್ಲಿ ಬಿದ್ದು 346 ಜನ ಸತ್ತರು. ಬಾಗಿಲಿನ ಚಿಲಕಕ್ಕೆ ಹಾಕಬೇಕಿದ್ದ ಬಲಪಡಿಸುವ ತಗಡು ಈ ವಿಮಾನಕ್ಕೆ ಹಾಕಿಯಾಗಿದೆ ಎಂದು ಕಂಪೆನಿಯ ದಾಖಲೆಯಲ್ಲಿ ಇತ್ತು. ವಿಮಾನದಲ್ಲಿ ಇರಲಿಲ್ಲ. ಕಾಗದದಲ್ಲಿ ಶೌಚಾಲಯ ಕಟ್ಟಿದ ಹಾಗೆ!

ಇನ್ನೊಂದು ವಿವರ ನಮ್ಮಂಥ ಗಡಿನಾಡಿನವರ ಎದೆಗೆ ನೇರ ನಾಟುತ್ತದೆ. ಬಾಗಿಲು ಸರಿಯಾಗಿ ಮುಚ್ಚಿದೆಯೇ ಎಂದು ನೋಡಲು ಒಂದು ಸಣ್ಣ ಕಿಂಡಿ ಇಟ್ಟು, ಪಕ್ಕದಲ್ಲಿ ಎಚ್ಚರಿಕೆಯ ಫಲಕ ಹಾಕಿದ್ದರು. ಫಲಕ ಇದ್ದುದು ಇಂಗ್ಲಿಷ್ ಮತ್ತು ತುರ್ಕಿ ಭಾಷೆಗಳಲ್ಲಿ. ಅಂದು ಬಾಗಿಲು ಮುಚ್ಚಿದ ಕೆಲಸಗಾರ ಅಲ್ಜೀರಿಯಾ ಮೂಲದವನು. ಮೂರು ಭಾಷೆ ಓದಿ ಬರೆಯಬಲ್ಲವನು, ಆದರೆ ಈ ಎರಡು ಅವನಿಗೆ ಬರುತ್ತಿರಲಿಲ್ಲ. ದುರಂತದ ನಂತರ ಮೊದಲು ಬೆರಳು ತೋರಿಸಿದ್ದು ಅವನ ಕಡೆಗೇ. ಓದಲಾಗದ ಭಾಷೆಯಲ್ಲಿ ಬೋರ್ಡು ಬರೆದು, ‘ನಿನಗೆ ಓದಲು ಬರುವುದಿಲ್ಲ, ತಪ್ಪು ನಿನ್ನದೇ’ ಎನ್ನುವವರನ್ನು ನಾವು ನೋಡದವರೇನೂ ಅಲ್ಲವಲ್ಲ.

ಬಾಗಿಲಿಗೆ ಕಡ್ಡಾಯ ಆದೇಶ, ನೆಲಕ್ಕೆ ಗಾಳಿಯ ಕಿಂಡಿ ಎಲ್ಲ ಬಂದವು. 346 ಜನರ ನಂತರ.

‘ಅದು ಹಳೇ ಕಾಲ, ಈಗ ಹಾಗಿಲ್ಲ’ ಎನ್ನುತ್ತೀರಾ? ಹಾಗಾದರೆ 2005ರ ಆಗಸ್ಟ್ 14ಕ್ಕೆ ಬನ್ನಿ. ಸೈಪ್ರಸ್‌ನ ಹೀಲಿಯೋಸ್ ಏರ್‌ವೇಸ್‌ನ ಬೋಯಿಂಗ್ 737 ಲಾರ್ನಾಕಾದಿಂದ ಅಥೆನ್ಸ್‌ಗೆ ಹೊರಟಿತು. ಹೊರಡುವ ಮುಂಚೆ ತಂತ್ರಜ್ಞರು ಹಿಂದಿನ ಬಾಗಿಲಿನಲ್ಲಿ ಗಾಳಿ ಸೋರುತ್ತಿದೆಯೇ ಎಂದು ಪರೀಕ್ಷಿಸಲು ಒತ್ತಡದ ಸ್ವಿಚ್ಚನ್ನು ‘ಆಟೋ’ದಿಂದ ‘ಮ್ಯಾನುವಲ್’ಗೆ ತಿರುಗಿಸಿದ್ದರು. ಅದು ಅಲ್ಲೇ ಉಳಿಯಿತು. ಪೈಲಟ್‌ಗಳೂ ಗಮನಿಸಲಿಲ್ಲ. ವಿಮಾನ ಏರುತ್ತಾ ಹೋಯಿತು, ಒಳಗೆ ಒತ್ತಡ ಏರಲಿಲ್ಲ.

ಸುಮಾರು 12,000 ಅಡಿ ದಾಟುವಾಗ ಹಾರ್ನ್ ಬಡಿಯಿತು. ಬಡಿಯಬೇಕಾದದ್ದೇ. ಆದರೆ ಆ ಹಾರ್ನ್‌ಗೆ ಎರಡು ಕೆಲಸ! ನೆಲದ ಮೇಲಿದ್ದಾಗ ಅದೇ ಸದ್ದು ‘ಟೇಕಾಫ್‌ಗೆ ವಿಮಾನ ಸಿದ್ಧವಾಗಿಲ್ಲ’ ಎಂದು ಹೇಳುತ್ತದೆ. ಆಕಾಶದಲ್ಲಿ ಅದೇ ಸದ್ದು ‘ಒಳಗೆ ಒತ್ತಡ ಇಲ್ಲ’ ಎಂದು ಹೇಳುತ್ತದೆ. ಪೈಲಟ್‌ಗಳು ಅದನ್ನು ಮೊದಲನೆಯದೆಂದು ತಿಳಿದರು. ಅಷ್ಟರಲ್ಲಿ ಉಪಕರಣಗಳನ್ನು ತಂಪಾಗಿಡುವ ಫ್ಯಾನ್‌ಗಳ ಎಚ್ಚರಿಕೆ ದೀಪವೂ ಹತ್ತಿತು, ಒಳಗಿನ ಗಾಳಿ ತೆಳುವಾಗಿದ್ದರಿಂದ. ಕ್ಯಾಪ್ಟನ್ ರೇಡಿಯೋದಲ್ಲಿ ಆ ಫ್ಯಾನ್ ಬಗ್ಗೆಯೇ ಮಾತಾಡುತ್ತಿದ್ದರು. ಕೆಳಗಿದ್ದ ಇಂಜಿನಿಯರ್ ‘ಒತ್ತಡದ ಸ್ವಿಚ್ ಆಟೋದಲ್ಲಿದೆಯೇ’ ಎಂದು ಕೇಳಿದರೂ ಅದು ತಲೆಗೆ ಹೋಗುವ ಸ್ಥಿತಿ ದಾಟಿತ್ತು. ಇಬ್ಬರೂ ಪ್ರಜ್ಞೆ ತಪ್ಪಿದರು. ವಿಮಾನ ತನ್ನಷ್ಟಕ್ಕೆ 34,000 ಅಡಿಗೆ ಏರಿ, ಅಥೆನ್ಸ್ ಬಳಿ ಸುತ್ತು ಹಾಕುತ್ತಾ ಇತ್ತು. ಗ್ರೀಸ್‌ನ ಯುದ್ಧವಿಮಾನಗಳು ಹತ್ತಿರ ಹೋಗಿ ನೋಡಿದಾಗ ಕೋ-ಪೈಲಟ್ ಕುಸಿದು ಕೂತಿದ್ದರು, ಕ್ಯಾಪ್ಟನ್ ಸೀಟು ಖಾಲಿ. ಕೊನೆಗೆ ಒಬ್ಬ ಪರಿಚಾರಕ ಆಕ್ಸಿಜನ್ ಬಾಟಲಿಯ ನೆರವಿನಿಂದ ಕಾಕ್‌ಪಿಟ್ ಒಳಗೆ ಬಂದದ್ದು ಕಂಡಿತು. ಅಷ್ಟರಲ್ಲಿ ಇಂಧನ ಮುಗಿದಿತ್ತು. ಹೊರಟು ಸುಮಾರು ಮೂರು ಗಂಟೆಯ ನಂತರ ಗ್ರಾಮ್ಮಾಟಿಕೊ ಗುಡ್ಡದಲ್ಲಿ ಬಿದ್ದು 121 ಜನ ಸತ್ತರು.

ಪತ್ರಿಕೆಗಳಲ್ಲಿ ಬಂದದ್ದು ‘ಪೈಲಟ್ ತಪ್ಪು’ ಎಂದು. ತಪ್ಪು ಆಗಿದೆ, ನಾವು ಅಲ್ಲಗಳೆಯುವುದಿಲ್ಲ. ಆದರೆ ನೀವೇ ಹೇಳಿ: ಒಂದು ಶಾಲೆಯಲ್ಲಿ ಊಟಕ್ಕೆ ಬಿಡುವ ಬೆಲ್ಲೂ ಬೆಂಕಿ ಬಿದ್ದಾಗಿನ ಬೆಲ್ಲೂ ಒಂದೇ ಥರ ಹೊಡೆಯುತ್ತದೆ ಅಂತಿಟ್ಟುಕೊಳ್ಳಿ. ಬೆಂಕಿ ಬಿದ್ದ ದಿನ ಮಕ್ಕಳು ಬಟ್ಟಲು ಹಿಡಿದು ಸಾಲಾಗಿ ನಿಂತರೆ ಮಕ್ಕಳಿಗೆ ಹೊಡೆಯಬೇಕೋ, ಎರಡಕ್ಕೂ ಒಂದೇ ಬೆಲ್ ಸಾಕು ಎಂದವನನ್ನು ಕೇಳಬೇಕೋ? ಗ್ರೀಸ್‌ನ ತನಿಖಾ ವರದಿಯೂ ಇದನ್ನು ಬಿಡಲಿಲ್ಲ. ಈ ಮಾದರಿಯ ವಿಮಾನಗಳಲ್ಲಿ ಹಿಂದೆಯೂ ಇಂಥ ಒತ್ತಡದ ಘಟನೆಗಳು ಆಗಿದ್ದವು, ತಯಾರಕರು ಅವಕ್ಕೆ ಕೈಗೊಂಡ ಕ್ರಮ ಸಾಲದಾಗಿತ್ತು ಎಂದು ಅದು ಒಳಗಿನ ಕಾರಣಗಳಲ್ಲಿ ಸೇರಿಸಿತು. ಎಚ್ಚರಿಕೆಗಳು ಮೊದಲೇ ಇದ್ದವು ಅಂತಾಯಿತು.

ಆಮೇಲೆ ಏನಾಯಿತು? 2006ರಲ್ಲಿ ಎಫ್‌ಎಎ ಪೈಲಟ್‌ಗಳ ಕೈಪಿಡಿ ತಿದ್ದಲು ಆದೇಶಿಸಿತು. ಕಾಗದಕ್ಕೆ ಮದ್ದು ಹಚ್ಚಿದ್ದಾಯಿತು. ಹಾರ್ನ್ ಯಾವುದಕ್ಕೆ ಬಡಿಯುತ್ತಿದೆ ಎಂದು ಬೇರೆಬೇರೆಯಾಗಿ ತೋರಿಸುವ ಎರಡು ದೀಪಗಳನ್ನು ಹಳೆಯ 737ಗಳಲ್ಲಿ ಹಾಕಲೇಬೇಕು ಎಂಬ ಆದೇಶ ಬಂದದ್ದು 2011ರ ಮಾರ್ಚ್‌ನಲ್ಲಿ. ಅಮೆರಿಕದಲ್ಲಿ ನೋಂದಾಯಿತ ವಿಮಾನಗಳಿಗೆ ಕೊಟ್ಟ ಗಡುವು 2014ರ ಮಾರ್ಚ್ 14. ಎರಡು ದೀಪ ಹತ್ತಿಸಲು ಎಂಟೂವರೆ ವರ್ಷ! ಅಷ್ಟರಲ್ಲಿ ಒಂದನೇ ಕ್ಲಾಸಿಗೆ ಸೇರಿದ ಮಗು ಹೈಸ್ಕೂಲಿಗೆ ಬಂದಿರುತ್ತದೆ.

ನಮ್ಮಲ್ಲೂ ಆಗಿದೆ. 2018ರ ಸೆಪ್ಟೆಂಬರ್ 20ರಂದು ಜೆಟ್ ಏರ್‌ವೇಸ್‌ನ 737 ಮುಂಬಯಿಯಿಂದ ಜೈಪುರಕ್ಕೆ 166 ಪ್ರಯಾಣಿಕರನ್ನು ಹೊತ್ತು ಹೊರಟಾಗ, ಇಂಜಿನ್ ಗಾಳಿಯನ್ನು ಒಳಗೆ ಬಿಡುವ ಸ್ವಿಚ್ ಹಾಕಿಯೇ ಇರಲಿಲ್ಲ. ಮುಖವಾಡಗಳು ಬಿದ್ದವು, ಸುಮಾರು 30 ಮಂದಿಗೆ ಮೂಗಿನಿಂದ, ಕಿವಿಯಿಂದ ರಕ್ತ ಬಂತು, ತಲೆನೋವು ಕಾಡಿತು. ವಿಮಾನ ಮುಂಬಯಿಗೆ ಮರಳಿತು, ಪುಣ್ಯಕ್ಕೆ ಎಲ್ಲರೂ ಬದುಕಿದರು. ಸೈಪ್ರಸ್‌ನವರೇ ಆಗಲಿ ಭಾರತದವರೇ ಆಗಲಿ, ಮನುಷ್ಯ ಮರೆಯುತ್ತಾನೆ. ಮರೆಯುವುದು ಮನುಷ್ಯನ ಸ್ವಭಾವ ಎಂದು ಒಪ್ಪಿಕೊಂಡು ಯಂತ್ರ ಮಾಡುವವನೇ ಜಾಣ.

ಮಾಡಿದರೆ ಆಗುತ್ತದೆ ಎಂಬುದಕ್ಕೂ ಉದಾಹರಣೆ ಇದೆ. ಒತ್ತಡ ಇಳಿದಾಗ ಹಾರ್ನ್ ಬಡಿಸಲು 737ರಲ್ಲಿ ಎರಡು ಸ್ವಿಚ್‌ಗಳಿರುತ್ತವೆ, ಒಂದು ಕೈಕೊಟ್ಟರೆ ಇನ್ನೊಂದು ಇರಲಿ ಎಂದು. 2020ರ ಸೆಪ್ಟೆಂಬರ್‌ನಲ್ಲಿ ಒಂದು ವಿಮಾನ ಸಂಸ್ಥೆ ತನ್ನ ಮೂರು ವಿಮಾನಗಳಲ್ಲಿ ಪರೀಕ್ಷಿಸಿದಾಗ ಎರಡೂ ಸ್ವಿಚ್‌ಗಳು ಕೆಲಸ ಮಾಡಲಿಲ್ಲ. ಬೋಯಿಂಗ್ ಪರಿಶೀಲಿಸಿ, ಇದು ಸುರಕ್ಷೆಯ ಸಮಸ್ಯೆಯಲ್ಲ ಎಂಬ ತೀರ್ಮಾನಕ್ಕೆ ಬಂತು. (ಗಮನಿಸಿ, ಮೊದಲ ಉತ್ತರ ಯಾವಾಗಲೂ ಇದೇ!) ಮತ್ತೆ ಲೆಕ್ಕ ಹಾಕಿ ನೋಡಿದಾಗ, ಸ್ವಿಚ್‌ಗಳು ಕೆಡುವ ಪ್ರಮಾಣ ಅಂದಾಜಿಗಿಂತ ಎಷ್ಟೋ ಹೆಚ್ಚು ಎಂದು 2021ರ ಮೇ ತಿಂಗಳಲ್ಲಿ ಬೋಯಿಂಗ್ ಮತ್ತು ಎಫ್‌ಎಎ ಒಪ್ಪಿದವು. ಜುಲೈಯಲ್ಲಿ ಕಡ್ಡಾಯ ಆದೇಶ ಹೊರಟಿತು. ಅಮೆರಿಕದ 2,502 ವಿಮಾನಗಳಲ್ಲಿ ಈ ಸ್ವಿಚ್‌ಗಳನ್ನು ಗಡುವಿನೊಳಗೆ ಪರೀಕ್ಷಿಸತಕ್ಕದ್ದು. ಜಗತ್ತಿನಲ್ಲಿ ಇಂಥ ವಿಮಾನ ಒಟ್ಟು 9,315. ಮೊದಲ ದೂರಿನಿಂದ ಆದೇಶಕ್ಕೆ ಹತ್ತು ತಿಂಗಳು, ಒಬ್ಬರೂ ಸಾಯದೆ. ಹತ್ತು ತಿಂಗಳೂ ಹೆಚ್ಚೇ. ಆದರೂ ಎಂಟೂವರೆ ವರ್ಷದ ಪಕ್ಕದಲ್ಲಿಟ್ಟು ನೋಡಿದರೆ ಮನಸ್ಸಿದ್ದರೆ ಮಾರ್ಗ ಎಂಬುದು ತಿಳಿಯುತ್ತದೆ.

ಈಗ ಎದುರುವಾದಗಳಿಗೆ ಬರೋಣ.

‘ಎಲ್ಲದಕ್ಕೂ ಕಡ್ಡಾಯ ಎಂದರೆ ಖರ್ಚು ಏರುತ್ತದೆ, ಟಿಕೆಟ್ ದುಬಾರಿಯಾಗುತ್ತದೆ’ ಎನ್ನುತ್ತಾರೆ. ಆಗಲಿ. ಗಲ್ಫ್‌ನ ಬಿಸಿಲಲ್ಲಿ ದುಡಿದು ಎರಡು ವರ್ಷಕ್ಕೊಮ್ಮೆ ಊರಿಗೆ ಬರುವವನು ಹಬ್ಬದ ಸಮಯದಲ್ಲಿ ಮೂರು ಪಟ್ಟು ಟಿಕೆಟ್ ದುಡ್ಡು ಕೊಡುವುದಿಲ್ಲವೇ? ಆಗ ಇಲ್ಲದ ಕನಿಕರ ಎರಡು ದೀಪದ ವಿಷಯ ಬಂದಾಗ ಎಲ್ಲಿಂದ ಬಂತು?

‘ವಿಮಾನಯಾನ ಎಲ್ಲಕ್ಕಿಂತ ಸುರಕ್ಷಿತ, ಸುಮ್ಮನೆ ಹೆದರಿಸಬೇಡಿ’ ಎನ್ನುತ್ತಾರೆ. ಸುರಕ್ಷಿತ ಹೌದು. ಯಾಕೆ ಸುರಕ್ಷಿತ? ಈ ‘ತಕ್ಕದ್ದು’ಗಳ ರಾಶಿಯಿಂದಲೇ. ಲಸಿಕೆಯಿಂದ ರೋಗ ಹೋಯಿತು, ಇನ್ನು ಲಸಿಕೆ ಯಾಕೆ ಎಂದು ಕೇಳಿದ ಹಾಗಾಯಿತು ಇದು.

‘ದಿನಕ್ಕೊಂದು ಆದೇಶ ಹೊರಡಿಸಿದರೆ ಯಾವುದು ಮುಖ್ಯ, ಯಾವುದು ಅಲ್ಲ ಎಂದೇ ತಿಳಿಯದೆ ಹೋಗುತ್ತದೆ’ ಎಂಬುದು ಮೂರನೆಯ ವಾದ. ಇದರಲ್ಲಿ ಹುರುಳಿದೆ. ಸುತ್ತೋಲೆಗಳ ರಾಶಿಯಲ್ಲಿ ಮುಳುಗುವ ನಮಗೆ ಅದು ಚೆನ್ನಾಗಿ ಅರ್ಥವಾಗುತ್ತದೆ. ಸೀಟಿನ ಬಟ್ಟೆಗೂ ಕಾಫಿ ಯಂತ್ರಕ್ಕೂ ‘ಬಹುದು’ ಇರಲಿ, ನಮ್ಮ ತಕರಾರಿಲ್ಲ. ಗಾಳಿಯನ್ನು ಮಾತ್ರ ಬೇರೆ ಇಡಿ ಎನ್ನುತ್ತಿದ್ದೇವೆ. ಯಾಕೆಂದರೆ ಅದು ಕೆಟ್ಟಾಗ ಪ್ರಯಾಣಿಕನ ಕೈಯಲ್ಲಿ ಏನೂ ಇಲ್ಲ, ಕಿಟಕಿ ತೆರೆಯುವಂತಿಲ್ಲ, ಇಳಿದು ಹೋಗುವಂತಿಲ್ಲ. ಪೈಲಟ್‌ನ ಕೈಯಲ್ಲಿರುವ ಸಮಯವೂ 35,000 ಅಡಿಯಲ್ಲಿ ಒಂದು ನಿಮಿಷದ ಒಳಗೇ.

ಭಾರತದಲ್ಲಿ ಈ ಎರಡು ಪದಗಳ ಆಟವನ್ನು ನಾವೆಲ್ಲ ತೀರಾ ಈಚೆಗೆ ನೋಡಿದೆವು. ಅದು ಗಾಳಿಯದಲ್ಲ, ಇಂಧನದ ಸ್ವಿಚ್ಚಿನ ವಿಷಯ. ಆ ಸ್ವಿಚ್ಚಿನ ಲಾಕ್ ಪರೀಕ್ಷಿಸುವುದು ಒಳ್ಳೆಯದು ಎಂದು ಎಫ್‌ಎಎ 2018ರಲ್ಲಿ ಒಂದು ಸಲಹೆ ಹೊರಡಿಸಿತ್ತು. 2025ರ ಜೂನ್ 12ರಂದು ಅಹಮದಾಬಾದಿನಲ್ಲಿ ಏರ್ ಇಂಡಿಯಾದ 787 ಬಿದ್ದು ವಿಮಾನದೊಳಗೆ 241, ನೆಲದ ಮೇಲೆ 19, ಒಟ್ಟು 260 ಜನ ಸತ್ತರು. ಆ ಪರೀಕ್ಷೆ ಕಡ್ಡಾಯವಾಗಿರದ ಕಾರಣ ಮಾಡಿರಲಿಲ್ಲ ಎಂದು ಏರ್ ಇಂಡಿಯಾ ಹೇಳಿದ್ದು ಜುಲೈಯ ಪ್ರಾಥಮಿಕ ವರದಿಯಲ್ಲಿದೆ. ದುರಂತಕ್ಕೆ ಅದೇ ಕಾರಣ ಎಂದು ವರದಿ ಹೇಳಿಲ್ಲ, ನಾವೂ ಹೇಳುತ್ತಿಲ್ಲ. ನಂತರ ಪರೀಕ್ಷಿಸಿದಾಗ ತನ್ನ ವಿಮಾನಗಳಲ್ಲಿ ಆ ದೋಷ ಕಾಣಲಿಲ್ಲ ಎಂದೂ ಸಂಸ್ಥೆ ಹೇಳಿತು. ನಾವು ತೋರಿಸುತ್ತಿರುವುದು ಬೇರೆ. ಜುಲೈ 14ರಂದು ನಮ್ಮ ಡಿಜಿಸಿಎ ‘21ರೊಳಗೆ ಎಲ್ಲರೂ ಪರೀಕ್ಷಿಸತಕ್ಕದ್ದು’ ಎಂದಿತು. ಏಳು ವರ್ಷ ಫೈಲಿನಲ್ಲಿ ಕೂತ ಸಲಹೆಗೆ ಏಳು ದಿನದ ಗಡುವು! ಏಳು ದಿನದ ಕೆಲಸವಾಗಿದ್ದರೆ ಅದನ್ನು ಏಳು ವರ್ಷ ಯಾಕೆ ‘ಬಹುದು’ ಎಂದು ಇಟ್ಟುಕೊಂಡಿರಿ?

ಆದ್ದರಿಂದ ನಾವು ಕೇಳುವುದು ಮೂರೇ ಮೂರು. ಒಂದು, ವಿಮಾನದ ಗಾಳಿ, ಒತ್ತಡ, ಆಕ್ಸಿಜನ್ ಮತ್ತು ಅವುಗಳ ಎಚ್ಚರಿಕೆಯ ಬಗ್ಗೆ ತಯಾರಕರು ಕಳುಹಿಸುವ ಪ್ರತಿ ಸಲಹೆಯನ್ನೂ ಡಿಜಿಸಿಎ ಕೂಡಲೇ ನೋಡಿ, ಕಡ್ಡಾಯ ಮಾಡಲಿ. ಮಾಡದಿದ್ದರೆ ಯಾಕಿಲ್ಲ ಎಂದು ಸಹಿ ಹಾಕಿ ಬರೆಯಲಿ. ಅಮೆರಿಕದವರು ಮಾಡಲಿ, ಆಮೇಲೆ ನೋಡೋಣ ಎಂದು ಕೂರುವುದು ಬೇಡ. ಎರಡು, ‘ಸರಿಪಡಿಸಲಾಗಿದೆ’ ಎಂದು ಕಾಗದದಲ್ಲಿ ಬರೆದದ್ದನ್ನು ವಿಮಾನದ ಬಳಿ ಹೋಗಿ ಕಣ್ಣಾರೆ ನೋಡುವವನೊಬ್ಬ ಇರಲಿ. ಮೂರು, ಎಚ್ಚರಿಕೆ ಯಾರಿಗಾಗಿಯೋ ಅವರ ಭಾಷೆಯಲ್ಲಿರಲಿ, ಬಾಗಿಲು ಮುಚ್ಚುವ ಕೆಲಸಗಾರನಿಗೂ ಮುಖವಾಡ ಎಳೆದುಕೊಳ್ಳಬೇಕಾದ ಪ್ರಯಾಣಿಕನಿಗೂ. ಬಜ್ಪೆಯಿಂದ ಹೊರಡುವ ವಿಮಾನದಲ್ಲಿ ಕನ್ನಡದಲ್ಲೂ ಮಲಯಾಳದಲ್ಲೂ ‘ಮೊದಲು ನಿಮ್ಮ ಮುಖವಾಡ, ಆಮೇಲೆ ಮಗುವಿನದು’ ಎಂದು ಹೇಳಲು ಯಾವ ಇಂಜಿನಿಯರಿಂಗ್ ಪದವಿಯೂ ಬೇಡ.

1972ರಲ್ಲಿ ಯಾರೂ ಸಾಯದೇ ಎಚ್ಚರಿಕೆ ಸಿಕ್ಕಿತ್ತು. ಅದನ್ನು ‘ಬಹುದು’ ಎಂದು ಬರೆದರು. ಹಾಗೆ ಬರೆದವರು ಯಾರೂ ಆ 346 ಜನರಲ್ಲಿ ಇರಲಿಲ್ಲ. ‘ಬಹುದು’ ಎಂದು ಬರೆಯುವವನು ನೆಲದ ಮೇಲೆ ಕೂತಿರುತ್ತಾನೆ, ಅವನಿಗೆ ಗಾಳಿಯ ಕೊರತೆ ಇರುವುದಿಲ್ಲ.